ದಿನಬಳಕೆಯ ಲ್ಯಾಪ್‌ಟಾಪ್‌ಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ? ಕೊಡಗಿನ ಕೊಳ್ಳುಗರಿಗೆ ಹಂತ ಹಂತದ ಮಾರ್ಗದರ್ಶಿ

ಮಡಿಕೇರಿ, ವಿರಾಜಪೇಟೆ ಅಥವಾ ಕುಶಾಲನಗರದ ಅಂಗಡಿಯಲ್ಲಿ ಲ್ಯಾಪ್‌ಟಾಪ್ ವಿಚಾರಿಸಿದವರಿಗೆ ಸಾಮಾನ್ಯವಾಗಿ ಎರಡು ಬಗೆಯ ಯಂತ್ರಗಳನ್ನು ತೋರಿಸಲಾಗುತ್ತದೆ. ಮೊದಲನೆಯದು ತೆಳ್ಳಗೆ, ಹಗುರವಾಗಿರುತ್ತದೆ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಘಟಕವು ಅದರ ಪ್ರೊಸೆಸರ್‌ನೊಳಗೇ ಸೇರಿಕೊಂಡಿರುತ್ತದೆ. ಇದನ್ನು ಇಂಟಿಗ್ರೇಟೆಡ್ ಗ್ರಾಫಿಕ್ಸ್ ಎನ್ನುತ್ತಾರೆ. ಎರಡನೆಯದು ತುಸು ದಪ್ಪ, ತೂಕವೂ ಹೆಚ್ಚು; ಅದರಲ್ಲಿ ಗ್ರಾಫಿಕ್ಸ್‌ಗೆಂದೇ ಬೇರೊಂದು ಚಿಪ್, ಆ ಚಿಪ್‌ಗೇ ಮೀಸಲಾದ ಮೆಮೊರಿ, ಹೆಚ್ಚುವರಿ ಫ್ಯಾನ್ ಮತ್ತು ದೊಡ್ಡ ಅಡಾಪ್ಟರ್ ಇರುತ್ತವೆ. ಇದು ಡೆಡಿಕೇಟೆಡ್ ಗ್ರಾಫಿಕ್ಸ್. ಅಂಗಡಿಯ ಮಾತಿನಲ್ಲಿ ‘ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್’. ಇವೆರಡರ ಬೆಲೆಯಲ್ಲಿ ಹಲವು ಸಾವಿರ ರೂಪಾಯಿಗಳ ಅಂತರವಿರುತ್ತದೆ. ‘ಮುಂದೆ ಬೇಕಾಗಬಹುದು, ಈಗಲೇ ಇರಲಿ’ ಎಂಬ ಒಂದೇ ಕಾರಣಕ್ಕೆ ಆ ಅಂತರವನ್ನು ಭರಿಸುವವರು ಬಹಳ ಮಂದಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಬಳಕೆಯ ಕೆಲಸಕ್ಕೆ ಲ್ಯಾಪ್‌ಟಾಪ್ ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಪ್ರತ್ಯೇಕ ಕಾರ್ಡ್ ಬೇಕಿಲ್ಲ. ಅವರಿಗೆ ಬೇಕಿರುವುದು ಸರಿಯಾಗಿ ಜೋಡಿಸಿದ, ಸಾಕಷ್ಟು ಮೆಮೊರಿ, ಅಂದರೆ ರ‍್ಯಾಮ್. ಕಾರ್ಡ್ ನಿಜವಾಗಿ ಬೇಕಾದವರೂ ಇದ್ದಾರೆ. ಆದರೆ ಅವರು ಪೆಟ್ಟಿಗೆಯ ಮೇಲಿನ ಹೆಸರನ್ನಷ್ಟೇ ನೋಡಿ ದುರ್ಬಲವಾದ ಕಾರ್ಡ್ ಕೊಂಡರೆ, ಎರಡೂ ಬಗೆಯ ಅನನುಕೂಲಗಳನ್ನು ಹಣ ಕೊಟ್ಟು ತಂದಂತಾಗುತ್ತದೆ. ಯಾರು ಯಾವ ಗುಂಪಿಗೆ ಸೇರುತ್ತಾರೆ ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕುಳಿತು ತೀರ್ಮಾನಿಸಬಹುದು.

ಹಂತ 1: ನಿಮ್ಮ ಕೆಲಸಗಳನ್ನು ಕಾಗದದ ಮೇಲೆ ಬರೆಯಿರಿ

ಕಳೆದ ಒಂದು ತಿಂಗಳಲ್ಲಿ ಕಂಪ್ಯೂಟರ್‌ನಲ್ಲಿ ನಿಜವಾಗಿ ಮಾಡಿದ ಕೆಲಸಗಳನ್ನು ಮಾತ್ರ ಬರೆಯಿರಿ. ಮಾಡಬೇಕೆಂದುಕೊಂಡಿರುವ ಕೆಲಸಗಳಿಗೆ ಬೇರೆಯದೇ ಪಟ್ಟಿ ಇರಲಿ. ತೋಟದ ಲೆಕ್ಕ, ಕಾರ್ಮಿಕರ ಸಂಬಳದ ಎಕ್ಸೆಲ್ ಹಾಳೆ, ಟ್ಯಾಲಿ, ಜಿಎಸ್‌ಟಿ ವಿವರ ಸಲ್ಲಿಕೆ, ಹೋಂಸ್ಟೇ ಬುಕಿಂಗ್, ನುಡಿಯಲ್ಲಿ ಪತ್ರ ಬರೆಯುವುದು, ಮಕ್ಕಳ ಆನ್‌ಲೈನ್ ತರಗತಿ, ವಿಡಿಯೊ ಕರೆ, ಸಿನಿಮಾ ನೋಡುವುದು ಇವೆಲ್ಲ ಮೊದಲ ಗುಂಪು. ಇವುಗಳಲ್ಲಿ ಒಂದಕ್ಕೂ ಪ್ರತ್ಯೇಕ ಕಾರ್ಡ್‌ನ ಅಗತ್ಯವಿಲ್ಲ. ನಿಮ್ಮ ಪಟ್ಟಿ ಇಲ್ಲಿಗೇ ಮುಗಿದರೆ ನಾಲ್ಕನೆಯ ಹಂತವನ್ನು ಬಿಟ್ಟು ಓದಬಹುದು.

ಎರಡನೆಯ ಗುಂಪು ನಡುವಿನದು: ಫೋಟೊ ತಿದ್ದುವುದು, ಫುಲ್ ಎಚ್‌ಡಿ ವಿಡಿಯೊ ಕತ್ತರಿಸಿ ಜೋಡಿಸುವುದು, ಆಟೊಕ್ಯಾಡ್‌ನಲ್ಲಿ ಎರಡು ಆಯಾಮದ ನಕ್ಷೆ, ಕ್ಯೂಜಿಐಎಸ್‌ನಲ್ಲಿ ಭೂಪಟ, ಹಗುರವಾದ ಗೇಮ್‌ಗಳು. ಮೂರನೆಯ ಗುಂಪಿನಲ್ಲಿ ಕಟ್ಟಡಗಳ ಮೂರು ಆಯಾಮದ ರೆಂಡರಿಂಗ್, ಮದುವೆಯ 4ಕೆ ವಿಡಿಯೊಗಳ ಬಣ್ಣ ತಿದ್ದುವಿಕೆ, ಡ್ರೋನ್ ಚಿತ್ರಗಳಿಂದ ತೋಟದ ಮಾದರಿ ಕಟ್ಟುವುದು, ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶ, ಭಾರೀ ಗೇಮ್‌ಗಳು ಮತ್ತು ಸ್ವಂತ ಯಂತ್ರದಲ್ಲೇ ಎಐ ಮಾದರಿಗಳನ್ನು ಓಡಿಸುವುದು ಬರುತ್ತವೆ. ನಿಜವಾದ ತೀರ್ಮಾನ ಬೇಕಾಗುವುದು ಎರಡನೆಯ ಮತ್ತು ಮೂರನೆಯ ಗುಂಪಿನವರಿಗೆ.

ಹಂತ 2: ಈಗಿರುವ ಯಂತ್ರವನ್ನೇ ಕೇಳಿ ನೋಡಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು (ಪ್ರೊಸೆಸರ್), ಮೆಮೊರಿ, ಡಿಸ್ಕ್ ಮತ್ತು ಜಿಪಿಯು (ಗ್ರಾಫಿಕ್ಸ್ ಘಟಕ) ಎಷ್ಟು ದುಡಿಯುತ್ತಿವೆ ಎಂಬುದು ಶೇಕಡಾವಾರು ಕಾಣಿಸುತ್ತದೆ. ನಿಮ್ಮ ಎಂದಿನ ಕೆಲಸಗಳನ್ನು ತೆರೆದಿಟ್ಟು, ಯಂತ್ರ ನಿಧಾನವಾಯಿತೆಂದು ಅನ್ನಿಸಿದ ಕ್ಷಣದಲ್ಲೇ ಈ ಕಿಟಕಿಯನ್ನು ನೋಡಿ. ಮೆಮೊರಿ ಶೇ 90ರ ಆಸುಪಾಸಿನಲ್ಲಿದ್ದು ಜಿಪಿಯು ಶೇ 10ರಲ್ಲಿ ತೂಕಡಿಸುತ್ತಿದ್ದರೆ ಕೊರತೆ ಇರುವುದು ರ‍್ಯಾಮ್‌ನಲ್ಲಿ. ಡಿಸ್ಕ್ ಶೇ 100ರಲ್ಲೇ ನಿಂತಿದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದೇ ಮದ್ದು. ಜಿಪಿಯು ಸತತವಾಗಿ ಶೇ 90ರ ಮೇಲಿದ್ದರೆ ಮಾತ್ರ ಗ್ರಾಫಿಕ್ಸ್ ಬಗ್ಗೆ ಯೋಚಿಸಬೇಕು.

ಒಂದು ಎಚ್ಚರಿಕೆ: ಮಳೆಗಾಲದಲ್ಲಿ ಯೂಟ್ಯೂಬ್ ತಡವರಿಸಿದರೆ ಅಥವಾ ವಿಡಿಯೊ ಕರೆಯಲ್ಲಿ ಮುಖಗಳು ಚೌಕಚೌಕವಾಗಿ ಒಡೆದು ಕಂಡರೆ ತಪ್ಪು ಬಹುತೇಕ ನೆಟ್‌ವರ್ಕ್‌ನದು. ಅದಕ್ಕಾಗಿ ಕಾರ್ಡ್ ಇರುವ ಲ್ಯಾಪ್‌ಟಾಪ್ ಕೊಂಡವರಿಗೆ ಅದೇ ಒಡೆದ ಮುಖಗಳು ಹೆಚ್ಚು ದುಬಾರಿ ಪರದೆಯ ಮೇಲೆ ಕಾಣಿಸುತ್ತವೆ, ಅಷ್ಟೇ.

ಹಂತ 3: ವ್ಯತ್ಯಾಸದ ಮೂಲ ಮೆಮೊರಿಯ ದಾರಿಯಲ್ಲಿದೆ

ಮಾರ್ಗದರ್ಶಿಯ ತಿರುಳು ಈ ಹಂತದಲ್ಲಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸುವುದು ಒಳ್ಳೆಯದು.

ಪ್ರತ್ಯೇಕ ಕಾರ್ಡ್‌ಗೆ ತನ್ನದೇ ಮೆಮೊರಿ ಇದೆ. ಅದನ್ನು ವಿಡಿಯೊ ರ‍್ಯಾಮ್ ಅಥವಾ ವಿರ‍್ಯಾಮ್ ಎನ್ನುತ್ತಾರೆ. ಇಂಟಿಗ್ರೇಟೆಡ್ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ. ಪ್ರೊಸೆಸರ್ ಬಳಸುವ ರ‍್ಯಾಮ್‌ನಲ್ಲೇ ಅದಕ್ಕೂ ಪಾಲು. ವಿಂಡೋಸ್ ಸಾಮಾನ್ಯವಾಗಿ ಒಟ್ಟು ರ‍್ಯಾಮ್‌ನ ಅರ್ಧದವರೆಗೆ ಗ್ರಾಫಿಕ್ಸ್‌ಗೆ ಬಿಟ್ಟುಕೊಡಲು ಸಿದ್ಧವಿರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾಣುವ ‘ಶೇರ್ಡ್ ಜಿಪಿಯು ಮೆಮೊರಿ’ ಇದೇ. ಆದ್ದರಿಂದ 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ವಿಂಡೋಸ್, ಬ್ರೌಸರ್ ಮತ್ತು ಗ್ರಾಫಿಕ್ಸ್ ಮೂರೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಇಂದಿನ ದಿನಕ್ಕೆ 16 ಜಿಬಿಯನ್ನೇ ಕನಿಷ್ಠವೆಂದು ಇಟ್ಟುಕೊಳ್ಳಿ.

ಗಾತ್ರದಷ್ಟೇ ಮುಖ್ಯವಾದುದು ವೇಗ. ಒಂದು ಸೆಕೆಂಡಿನಲ್ಲಿ ಮೆಮೊರಿಯಿಂದ ಎಷ್ಟು ದತ್ತಾಂಶ ಸಾಗಿಸಬಹುದೆಂಬುದನ್ನು ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಡಿಡಿಆರ್4-3200 ರ‍್ಯಾಮ್‌ನ ಒಂದೇ ಪಟ್ಟಿಯನ್ನು (ಸ್ಟಿಕ್) ಹಾಕಿದಾಗ ಅದು ಸೆಕೆಂಡಿಗೆ 25.6 ಜಿಬಿ, ಅಂಥವೇ ಎರಡು ಪಟ್ಟಿಗಳನ್ನು ಹಾಕಿದಾಗ ದ್ವಿಗುಣಗೊಂಡು 51.2 ಜಿಬಿ. ಡಿಡಿಆರ್5-4800ರಲ್ಲಿ ಇದೇ ಲೆಕ್ಕ 38.4 ಮತ್ತು 76.8 ಜಿಬಿ. ಕೊಯ್ಲಿನ ಕಾಲದಲ್ಲಿ ಕಾಫಿ ಮೂಟೆಗಳನ್ನು ಹೊರಸಾಗಿಸಲು ತೋಟಕ್ಕೆ ಒಂದೇ ಗೇಟು ಇದ್ದಾಗ ಕಣದಲ್ಲಿ ಎಷ್ಟು ಆಳುಗಳಿದ್ದರೂ ಲಾರಿಗಳು ಸಾಲುಗಟ್ಟಿ ನಿಲ್ಲುವಂತೆ, ಒಂದೇ ಪಟ್ಟಿಯ ಯಂತ್ರದಲ್ಲಿ ಗ್ರಾಫಿಕ್ಸ್ ಘಟಕ ಎಷ್ಟೇ ಸಮರ್ಥವಾಗಿದ್ದರೂ ದತ್ತಾಂಶಕ್ಕಾಗಿ ಕಾಯುತ್ತ ಕೂರುತ್ತದೆ.

ಇದು ಕೇವಲ ಲೆಕ್ಕದ ಮಾತಲ್ಲ. ಇಂಟೆಲ್ 2020ರಲ್ಲಿ ತನ್ನ 11ನೇ ಪೀಳಿಗೆಯ ಪ್ರೊಸೆಸರ್‌ಗಳೊಂದಿಗೆ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ತಂದಾಗ, ರ‍್ಯಾಮ್ ಎರಡು ದಾರಿಗಳಲ್ಲಿ (ಡ್ಯುಯಲ್ ಚಾನೆಲ್) ಜೋಡಣೆಯಾಗಿದ್ದರೆ ಮಾತ್ರ ಆ ಹೆಸರು ತೋರುವಂತೆ ವ್ಯವಸ್ಥೆ ಮಾಡಿತು. ಅದೇ ಚಿಪ್‌ಗೆ ಒಂದೇ ಪಟ್ಟಿ ಹಾಕಿದರೆ ಯಂತ್ರವು ತನ್ನನ್ನು ‘ಯುಎಚ್‌ಡಿ ಗ್ರಾಫಿಕ್ಸ್’ ಎಂದು ತೋರಿಸಿಕೊಳ್ಳುತ್ತದೆ. ಅಗ್ಗದ ಮಾದರಿಗಳಲ್ಲಿ ಒಂದು ಪಟ್ಟಿಯನ್ನು ಮಾತ್ರ ಹಾಕಿ ಇನ್ನೊಂದು ಸ್ಲಾಟ್ ಖಾಲಿ ಬಿಟ್ಟು ಮಾರುವುದು ಸಾಮಾನ್ಯ. ಆ ಖಾಲಿ ಸ್ಲಾಟ್ ತುಂಬಿಸಿದರೆ ಗ್ರಾಫಿಕ್ಸ್ ಕೆಲಸದಲ್ಲಿ ಸಿಗುವ ಲಾಭ ಎಷ್ಟೋ ಬಾರಿ ಹೊಸ ಪ್ರೊಸೆಸರ್ ಕೊಂಡರೂ ಸಿಗುವುದಿಲ್ಲ.

ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ ಎಲ್‌ಪಿಡಿಡಿಆರ್5 ರ‍್ಯಾಮ್‌ನ ಯಂತ್ರಗಳನ್ನು ‘ಮುಂದೆ ಹೆಚ್ಚಿಸಲಾಗದು’ ಎಂದು ದೂರುವವರಿದ್ದಾರೆ. ದೂರು ನಿಜವೇ, ಆದರೆ ಗ್ರಾಫಿಕ್ಸ್ ದೃಷ್ಟಿಯಿಂದ ಅದಕ್ಕೊಂದು ಅನುಕೂಲವೂ ಇದೆ: 6400 ವೇಗದ ಇಂಥ ಮೆಮೊರಿಯನ್ನು ಪೂರ್ಣ 128 ಬಿಟ್ ಅಗಲದಲ್ಲಿ ಜೋಡಿಸಿದಾಗ ಬ್ಯಾಂಡ್‌ವಿಡ್ತ್ 102.4 ಜಿಬಿಗೆ ಏರುತ್ತದೆ. ಪ್ರತ್ಯೇಕ ಕಾರ್ಡ್‌ಗಳ ಪೈಕಿ ಕೆಳದರ್ಜೆಯ ಆರ್‌ಟಿಎಕ್ಸ್ 2050ರದ್ದು ಸುಮಾರು 112 ಜಿಬಿ, ಆರ್‌ಟಿಎಕ್ಸ್ 4050ರದ್ದು 192 ಜಿಬಿ. ಅಂದರೆ ಒಳ್ಳೆಯ ಇಂಟಿಗ್ರೇಟೆಡ್ ಯಂತ್ರವು ಕೆಳದರ್ಜೆಯ ಕಾರ್ಡ್‌ನ ಬೆನ್ನ ಹಿಂದೆಯೇ ಇದೆ. ನಿಜವಾದ ಅಂತರ ಶುರುವಾಗುವುದು ಅದಕ್ಕಿಂತ ಮೇಲಿನ ದರ್ಜೆಯಲ್ಲಿ.

ಹಂತ 4: ಕೆಲಸವಾರು ತೀರ್ಮಾನ

ಮೊದಲು ವಿಡಿಯೊ ನೋಡುವ ಮಾತು. ವಿಡಿಯೊ ಬಿಡಿಸಿ ತೋರಿಸಲು ಇಂಟಿಗ್ರೇಟೆಡ್ ಗ್ರಾಫಿಕ್ಸ್‌ನಲ್ಲಿ ಪ್ರತ್ಯೇಕ ಭಾಗವೇ ಇರುತ್ತದೆ; ಇಂಟೆಲ್ ಇಂಥದ್ದನ್ನು ಕ್ವಿಕ್ ಸಿಂಕ್ ಹೆಸರಿನಲ್ಲಿ 2011ರಿಂದಲೇ ಕೊಡುತ್ತ ಬಂದಿದೆ. ಯೂಟ್ಯೂಬ್ ಬಳಸುವ ಎವಿ1 ಎಂಬ ಹೊಸ ವಿಡಿಯೊ ಸಂಕುಚನ ಬಗೆಯನ್ನು ಇಂಟೆಲ್‌ನ 11ನೇ ಪೀಳಿಗೆಯ ಐರಿಸ್ ಎಕ್ಸ್‌ಇ ಮತ್ತು ಎಎಂಡಿಯ ರೇಡಿಯಾನ್ 680ಎಂನಂಥ ಘಟಕಗಳು ನಿರಾಯಾಸವಾಗಿ ಬಿಡಿಸುತ್ತವೆ. ಸಿನಿಮಾ ನೋಡಲು ಕಾರ್ಡ್ ಕೊಳ್ಳುವುದು ವ್ಯರ್ಥ.

ಫೋಟೊಗ್ರಾಫರ್‌ಗಳಿಗೆ ಹೆಚ್ಚು ನೆರವಾಗುವುದು ರ‍್ಯಾಮ್, ವೇಗದ ಎಸ್‌ಎಸ್‌ಡಿ ಮತ್ತು ಬಣ್ಣವನ್ನು ನಿಷ್ಠೆಯಿಂದ ತೋರಿಸುವ ಪರದೆ. ಇದಕ್ಕೊಂದು ಅಪವಾದವಿದೆ. ಲೈಟ್‌ರೂಮ್‌ನಲ್ಲಿ 2023ರಲ್ಲಿ ಬಂದ ಎಐ ಡಿನಾಯ್ಸ್ ಸೌಲಭ್ಯವು ಪೂರ್ತಿಯಾಗಿ ಗ್ರಾಫಿಕ್ಸ್ ಮೇಲೆ ನಿಂತಿದೆ. ಕಾರ್ಡ್‌ನಲ್ಲಿ ಸೆಕೆಂಡುಗಳಲ್ಲಿ ಮುಗಿಯುವ ಒಂದು ಚಿತ್ರದ ಕೆಲಸಕ್ಕೆ ಇಂಟಿಗ್ರೇಟೆಡ್‌ನಲ್ಲಿ ನಿಮಿಷಗಳು ಹಿಡಿಯುತ್ತವೆ. ನಾಗರಹೊಳೆಯ ಮುಂಜಾವಿನ ಮಂದ ಬೆಳಕಿನಲ್ಲಿ ಹೆಚ್ಚು ಐಎಸ್‌ಒ ಇಟ್ಟು ನೂರಾರು ಚಿತ್ರ ತೆಗೆಯುವ ವನ್ಯಜೀವಿ ಛಾಯಾಗ್ರಾಹಕರು ಕಾರ್ಡ್ ಕೊಳ್ಳುವುದರಲ್ಲಿ ಅರ್ಥವಿದೆ. ಹೋಂಸ್ಟೇ ಕೋಣೆಗಳ ಹತ್ತು ಚಿತ್ರ ತಿದ್ದುವವರಿಗೆ ಬೇಕಿಲ್ಲ.

ಮದುವೆ ವಿಡಿಯೊ ಮಾಡುವವರು ಇಲ್ಲಿ ಎಚ್ಚರದಿಂದ ಓದಬೇಕು. ಈಗಿನ ಹಲವು ಕ್ಯಾಮೆರಾಗಳು ಬಣ್ಣದ ವಿವರ ಹೆಚ್ಚಿರುವ, ಅಂದರೆ 10 ಬಿಟ್ 4:2:2 ಬಗೆಯ ಎಚ್‌ಇವಿಸಿ ವಿಡಿಯೊ ಕಡತಗಳನ್ನು ಕೊಡುತ್ತವೆ. ಎನ್‌ವಿಡಿಯಾ ಕಾರ್ಡ್‌ಗಳ ವಿಡಿಯೊ ಭಾಗಕ್ಕೆ ಆರ್‌ಟಿಎಕ್ಸ್ 40 ಸರಣಿಯವರೆಗೂ ಈ ಬಗೆಯನ್ನು ಬಿಡಿಸಲು ಬರುತ್ತಿರಲಿಲ್ಲ. 2025ರಲ್ಲಿ ಬಂದ 50 ಸರಣಿಯಲ್ಲಿ ಮಾತ್ರ ಆ ಸಾಮರ್ಥ್ಯ ಸೇರಿತು. ಇಂಟೆಲ್‌ನ 11ನೇ ಪೀಳಿಗೆಯ ಇಂಟಿಗ್ರೇಟೆಡ್ ಗ್ರಾಫಿಕ್ಸ್‌ಗೆ ಆ ಕೆಲಸ ಆಗಲೇ ಗೊತ್ತಿತ್ತು. ಹೀಗಾಗಿ ಕಡತಗಳನ್ನು ಕತ್ತರಿಸುವಾಗ, ಹಿಂದೆ ಮುಂದೆ ಎಳೆದು ನೋಡುವಾಗ ಹಲವು ಸಂಪಾದಕರಿಗೆ ನೆರವಾದದ್ದು ದುಬಾರಿ ಕಾರ್ಡ್ ಅಲ್ಲ, ಪ್ರೊಸೆಸರ್‌ನೊಳಗಿನ ಸಾಧಾರಣ ಘಟಕ. ಆದರೆ ಡಾವಿಂಚಿ ರಿಸಾಲ್ವ್‌ನಲ್ಲಿ ಬಣ್ಣದ ಪದರಗಳು, ನಾಯ್ಸ್ ರಿಡಕ್ಷನ್ ಮತ್ತು ಎಫೆಕ್ಟ್‌ಗಳನ್ನು ಸೇರಿಸಿದ ಕೂಡಲೇ ಹೊರೆ ಕಾರ್ಡ್ ಮೇಲೆ ಬೀಳುತ್ತದೆ. 4ಕೆ ಟೈಮ್‌ಲೈನ್‌ನಲ್ಲಿ 4 ಜಿಬಿ ವಿರ‍್ಯಾಮ್ ಬೇಗ ತುಂಬಿಹೋಗುತ್ತದೆ. ಈ ವೃತ್ತಿಯವರಿಗೆ ನನ್ನ ಸಲಹೆ: ಇಂಟೆಲ್‌ನ ಇಂಟಿಗ್ರೇಟೆಡ್ ಘಟಕವೂ 8 ಜಿಬಿ ವಿರ‍್ಯಾಮ್‌ನ ಕಾರ್ಡೂ ಒಟ್ಟಿಗೇ ಇರುವ ಯಂತ್ರ, ಅಥವಾ 50 ಸರಣಿಯ ಕಾರ್ಡ್.

ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಿಷಯ. ಪೊನ್ನಂಪೇಟೆಯಲ್ಲಾಗಲಿ ಕುಶಾಲನಗರದಲ್ಲಾಗಲಿ ಎಂಜಿನಿಯರಿಂಗ್‌ಗೆ ಸೇರುವ ಮಕ್ಕಳ ಪೋಷಕರು ‘ಕ್ಯಾಡ್ ಇದೆ, ಆದ್ದರಿಂದ ಕಾರ್ಡ್ ಬೇಕೇ ಬೇಕು’ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ಆಟೊಕ್ಯಾಡ್ ತಯಾರಕರಾದ ಆಟೊಡೆಸ್ಕ್ ಸೂಚಿಸುವ ಗ್ರಾಫಿಕ್ಸ್ ಬ್ಯಾಂಡ್‌ವಿಡ್ತ್ ಕನಿಷ್ಠ ಸೆಕೆಂಡಿಗೆ 29 ಜಿಬಿ, ಶಿಫಾರಸಿನ ಮಟ್ಟ 106 ಜಿಬಿ. ಹಿಂದಿನ ಹಂತದ ಅಂಕಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಒಂದೇ ಪಟ್ಟಿಯ ಡಿಡಿಆರ್4 ಕನಿಷ್ಠ ಮಟ್ಟವನ್ನೂ ಮುಟ್ಟುವುದಿಲ್ಲ, ಎರಡು ಪಟ್ಟಿಗಳಾದರೆ ಧಾರಾಳವಾಗಿ ದಾಟುತ್ತದೆ, ವೇಗದ ಎಲ್‌ಪಿಡಿಡಿಆರ್5 ಶಿಫಾರಸಿನ ಮಟ್ಟದ ಹತ್ತಿರಕ್ಕೇ ಬರುತ್ತದೆ. ಎರಡು ಆಯಾಮದ ನಕ್ಷೆಗಳಿಗೂ ಪಾಠದ ಮಟ್ಟದ ಸಣ್ಣ ಮೂರು ಆಯಾಮದ ಭಾಗಗಳಿಗೂ ಒಳ್ಳೆಯ ಇಂಟಿಗ್ರೇಟೆಡ್ ಸಾಕು. ಲುಮಿಯಾನ್, ಟ್ವಿನ್‌ಮೋಷನ್‌ನಂಥ ದೃಶ್ಯ ನಿರ್ಮಾಣದ ತಂತ್ರಾಂಶಗಳನ್ನು ಬಳಸುವ ವಾಸ್ತುಶಿಲ್ಪದವರಿಗೆ ಮಾತ್ರ ಕಾರ್ಡ್ ಅನಿವಾರ್ಯ.

ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಂಥ ಕಡೆ ಕಲಿಯುವವರು ಬಳಸುವ ಕ್ಯೂಜಿಐಎಸ್ ಹೆಚ್ಚಾಗಿ ಪ್ರೊಸೆಸರ್, ರ‍್ಯಾಮ್ ಮತ್ತು ಎಸ್‌ಎಸ್‌ಡಿಯನ್ನು ದುಡಿಸುತ್ತದೆ. ಅದಕ್ಕೆ ಕಾರ್ಡ್ ಬೇಡ, 32 ಜಿಬಿ ರ‍್ಯಾಮ್ ಇದ್ದರೆ ಸುಖ. ಡ್ರೋನ್ ಚಿತ್ರಗಳನ್ನು ಮೆಟಾಶೇಪ್‌ನಂಥ ತಂತ್ರಾಂಶದಲ್ಲಿ ಜೋಡಿಸಿ ತೋಟದ ಮೂರು ಆಯಾಮದ ಮಾದರಿ ಮಾಡುವುದಾದರೆ ಕಾರ್ಡ್ ಗಂಟೆಗಟ್ಟಲೆ ಸಮಯ ಉಳಿಸುತ್ತದೆ.

ಗೇಮ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವ್ಯಾಲೊರಂಟ್, ಮೈನ್‌ಕ್ರಾಫ್ಟ್‌ನಂಥವು ಇಂಟಿಗ್ರೇಟೆಡ್‌ನಲ್ಲೇ ನಡೆಯುತ್ತವೆ. ಹೊಸ, ಭಾರೀ ಗೇಮ್‌ಗಳು ನಡೆಯುವುದಿಲ್ಲ. ಮಗ ಅಥವಾ ಮಗಳು ‘ಓದಿಗೆ ಬೇಕು’ ಎನ್ನುತ್ತಿದ್ದರೆ ಯಾವ ತಂತ್ರಾಂಶಕ್ಕೆ ಎಂದು ಒಮ್ಮೆ ಕೇಳುವುದರಲ್ಲಿ ತಪ್ಪೇನಿಲ್ಲ.

ಹಂತ 5: ಹೆಸರುಗಳನ್ನು ಓದುವುದು

ಇಂಟಿಗ್ರೇಟೆಡ್ ಎಂಬ ಒಂದೇ ಪದದಡಿ ಬಹಳ ಅಂತರದ ಘಟಕಗಳಿವೆ. ಎಎಂಡಿಯ ರೈಜೆನ್ 5 7520ಯು ಎಂಬ ಪ್ರೊಸೆಸರ್‌ನಲ್ಲಿ ರೇಡಿಯಾನ್ 610ಎಂ ಇದ್ದು ಅದರಲ್ಲಿ ಕಂಪ್ಯೂಟ್ ಯುನಿಟ್‌ಗಳು (ಗ್ರಾಫಿಕ್ಸ್ ಲೆಕ್ಕ ಮಾಡುವ ಘಟಕಗಳು) ಎರಡೇ ಎರಡು. ರೈಜೆನ್ 7 7840ಯುವಿನ ರೇಡಿಯಾನ್ 780ಎಂನಲ್ಲಿ ಹನ್ನೆರಡು. ಎರಡೂ 7000 ಸರಣಿಯವೇ, ಎರಡರ ಪೆಟ್ಟಿಗೆಯ ಮೇಲೂ ರೈಜೆನ್ ಎಂದೇ ಇರುತ್ತದೆ. ಈ ಸರಣಿಯಲ್ಲಿ ಮೂರನೆಯ ಅಂಕಿಯನ್ನು ನೋಡಬೇಕು: 2 ಇದ್ದರೆ ಒಳಗಿರುವುದು ಹಳೆಯ ಜೆನ್ 2 ವಿನ್ಯಾಸ, 4 ಇದ್ದರೆ ಹೊಸ ಜೆನ್ 4.

ಇಂಟೆಲ್‌ನಲ್ಲಿ ಇನ್ನೊಂದು ಬಗೆಯ ಗೊಂದಲ. ಕೊನೆಯಲ್ಲಿ ಎಚ್ ಅಕ್ಷರವಿರುವ ಪ್ರೊಸೆಸರ್ ಹೆಚ್ಚು ಶಕ್ತಿಯುತವೆಂಬುದು ನಿಜ, ಆದರೆ ಗ್ರಾಫಿಕ್ಸ್‌ಗೆ ಆ ಮಾತು ಅನ್ವಯಿಸಬೇಕೆಂದಿಲ್ಲ. ಐ5-12450ಎಚ್‌ನಲ್ಲಿರುವ ಯುಎಚ್‌ಡಿ ಗ್ರಾಫಿಕ್ಸ್‌ಗೆ 48 ಎಕ್ಸಿಕ್ಯೂಷನ್ ಘಟಕಗಳಿದ್ದರೆ, ಅದಕ್ಕಿಂತ ಕಡಿಮೆ ವಿದ್ಯುತ್ ಬಳಸುವ ಐ5-1235ಯುವಿನ ಐರಿಸ್ ಎಕ್ಸ್‌ಇಯಲ್ಲಿ 80 ಘಟಕಗಳಿವೆ. 2023ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಕೋರ್ ಅಲ್ಟ್ರಾ ಸರಣಿಯ ಎಚ್ ಮಾದರಿಗಳಲ್ಲಿ ಆರ್ಕ್ ಹೆಸರಿನ, ಸಾಕಷ್ಟು ಬಲವಾದ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಬಂದಿದೆ.

ಪ್ರತ್ಯೇಕ ಕಾರ್ಡ್‌ಗಳಲ್ಲಿ ಮೂರು ವಿಷಯ ನೋಡಿ: ಹೆಸರು, ವಿರ‍್ಯಾಮ್, ವಾಟ್. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4050ಗೆ ತಯಾರಕರು 35ರಿಂದ 115 ವಾಟ್‌ವರೆಗೆ ಎಷ್ಟು ಬೇಕಾದರೂ ನಿಗದಿಪಡಿಸಬಹುದು. ಒಂದೇ ಹೆಸರಿನ ಎರಡು ಯಂತ್ರಗಳ ಸಾಮರ್ಥ್ಯ ಗಣನೀಯವಾಗಿ ಬೇರೆಯಾಗಲು ಇದೇ ಕಾರಣ. ತಯಾರಕರ ಜಾಲತಾಣದ ವಿವರಗಳಲ್ಲಿ ಟಿಜಿಪಿ (ಕಾರ್ಡ್‌ಗೆ ನಿಗದಿಯಾದ ವಾಟ್) ಎಂಬ ಸಾಲನ್ನು ಹುಡುಕಿ. ಆ ಸಾಲೇ ಇಲ್ಲದಿದ್ದರೆ ಕಡಿಮೆಯೆಂದೇ ಭಾವಿಸಿ. ಆರ್‌ಟಿಎಕ್ಸ್ 3050ಯಲ್ಲಿ 4 ಜಿಬಿ ಮತ್ತು 6 ಜಿಬಿ ಎರಡೂ ಬಗೆಗಳಿವೆ. ಜಿಫೋರ್ಸ್ ಎಂಎಕ್ಸ್ ಸರಣಿಯ 2 ಜಿಬಿ ಕಾರ್ಡ್‌ಗಳನ್ನೂ ಆರ್‌ಟಿಎಕ್ಸ್ 2050ಯನ್ನೂ ಇಂದು ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಶಾಖ, ತೂಕ, ವಿದ್ಯುತ್ ಖರ್ಚು ಇವೆಲ್ಲವೂ ಕಾರ್ಡ್‌ನವೇ. ಪ್ರತಿಫಲ ಮಾತ್ರ ಒಳ್ಳೆಯ ಇಂಟಿಗ್ರೇಟೆಡ್‌ಗಿಂತ ತುಸುವೇ ಮೇಲು. ಕಾರ್ಡ್ ಬೇಕೆಂದು ತೀರ್ಮಾನಿಸಿದವರು 6 ಜಿಬಿಗಿಂತ ಕೆಳಗೆ ಇಳಿಯದಿರಲಿ.

ಹಂತ 6: ಮಳೆ, ವಿದ್ಯುತ್, ದೂರ

ಬೆಂಗಳೂರಿನ ಕೊಳ್ಳುಗನಿಗೆ ಬರೆದ ಸಲಹೆಗಳು ಇಲ್ಲಿ ಪೂರ್ತಿ ಹೊಂದದಿರುವುದು ಈ ವಿಷಯದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆಗೆ ಮರ ಬಿದ್ದು ತಂತಿ ತುಂಡಾದರೆ, ತೋಟದ ಮನೆಗಳಿಗೆ ಕರೆಂಟ್ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಆಗ ಲ್ಯಾಪ್‌ಟಾಪ್ ಎಷ್ಟು ಹೊತ್ತು ಬಾಳುತ್ತದೆ ಎಂಬುದೇ ಅದರ ಬೆಲೆ.

ಲೆಕ್ಕ ಸರಳ. ಬ್ಯಾಟರಿ 50 ವಾಟ್-ಅವರ್‌ನದೆಂದು ಇಟ್ಟುಕೊಳ್ಳಿ. ಬರವಣಿಗೆ, ಬ್ರೌಸಿಂಗ್ ಮಾಡುವಾಗ ಇಂಟಿಗ್ರೇಟೆಡ್ ಯಂತ್ರ 8 ವಾಟ್ ಎಳೆದರೆ ಆರು ಗಂಟೆ ದಾಟುತ್ತದೆ. ಪ್ರತ್ಯೇಕ ಕಾರ್ಡ್ ಕಾರಣವಿಲ್ಲದೆ ಎಚ್ಚರವಿದ್ದು ಇನ್ನೂ 10 ವಾಟ್ ಸೇರಿದರೆ ಅದೇ ಬ್ಯಾಟರಿ ಮೂರು ಗಂಟೆಯನ್ನೂ ಮುಟ್ಟುವುದಿಲ್ಲ. ಮನೆಯ ಇನ್ವರ್ಟರ್‌ನದ್ದೂ ಇದೇ ಕಥೆ: 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್-ಅವರ್ ಇರುತ್ತದೆ, ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. 65 ವಾಟ್ ಅಡಾಪ್ಟರ್ ಅದರಲ್ಲಿ ದೀಪ, ವೈಫೈಗಳ ಜೊತೆ ಹೊಂದಿಕೊಂಡು ಹೋಗುತ್ತದೆ. ಪೂರ್ಣ ಹೊರೆಯಲ್ಲಿ 200 ವಾಟ್ ಎಳೆಯುವ ಅಡಾಪ್ಟರ್ ರಾತ್ರಿಯ ದೀಪಕ್ಕೆ ಇಟ್ಟುಕೊಂಡಿದ್ದನ್ನು ಸಂಜೆಯೇ ಮುಗಿಸುತ್ತದೆ. ಇಷ್ಟಾಗಿ, ಬ್ಯಾಟರಿಯ ಮೇಲೆ ಓಡುವಾಗ ಪ್ರತ್ಯೇಕ ಕಾರ್ಡ್ ತನ್ನ ಪೂರ್ಣ ಸಾಮರ್ಥ್ಯವನ್ನು ತೋರುವುದೂ ಇಲ್ಲ, ಏಕೆಂದರೆ ಅಷ್ಟು ವಿದ್ಯುತ್ತನ್ನು ಬ್ಯಾಟರಿ ಒಮ್ಮೆಗೇ ಕೊಡಲಾರದು. ತೆಳ್ಳಗಿನ ಯಂತ್ರ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವಂಥದ್ದಾದರೆ, 65 ವಾಟ್ ಕೊಡಬಲ್ಲ ಪವರ್ ಬ್ಯಾಂಕ್ ಅಥವಾ ಜೀಪಿನ ಚಾರ್ಜರ್ ಕೂಡ ನೆರವಿಗೆ ಬರುತ್ತದೆ.

ಹವೆಯ ಮಾತು ಹೇಳುವುದಾದರೆ, ಮಡಿಕೇರಿಯ ತಂಪು ಕಾರ್ಡ್ ಇರುವ ಯಂತ್ರಗಳಿಗೆ ಹಿತವೇ. ಕುಶಾಲನಗರದ ಕಡೆಯ ಬೇಸಿಗೆಯಲ್ಲಿ ಅವು ಹೆಚ್ಚು ಬಿಸಿಯಾಗುತ್ತವೆ. ತೇವ ಮಾತ್ರ ಎರಡೂ ಬಗೆಗೂ ಶತ್ರು. ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ವಾರಗಟ್ಟಲೆ ಬೀರುವಿನಲ್ಲಿ ಮುಚ್ಚಿಡದೆ ದಿನಕ್ಕೊಮ್ಮೆಯಾದರೂ ಚಾಲೂ ಮಾಡಿ, ಚೀಲದಲ್ಲಿ ಸಿಲಿಕಾ ಜೆಲ್ ಇಡಿ. ಕಾಫಿ ಒಣಗಿಸುವ ಕಾಲದಲ್ಲಿ ಕಣದ ಬದಿಯ ಕೋಣೆಯಲ್ಲಿ ಬಳಸುವವರು ಫ್ಯಾನ್‌ಗಳನ್ನು ವರ್ಷಕ್ಕೊಮ್ಮೆ ಶುಚಿಗೊಳಿಸಬೇಕು. ಎರಡು ಫ್ಯಾನ್ ಇರುವ ಯಂತ್ರ ಹೆಚ್ಚು ಗಾಳಿ ಎಳೆಯುತ್ತದೆ, ಹೆಚ್ಚು ಧೂಳನ್ನೂ ಎಳೆಯುತ್ತದೆ.

ಇನ್ನು ದುರಸ್ತಿ. ಲ್ಯಾಪ್‌ಟಾಪ್‌ನ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಮದರ್‌ಬೋರ್ಡ್‌ಗೇ ಬೆಸೆದಿರುತ್ತದೆ. ಅದು ಕೆಟ್ಟರೆ ಬೋರ್ಡನ್ನೇ ಬದಲಿಸಬೇಕಾಗುತ್ತದೆ. ಅಂಥ ಕೆಲಸಕ್ಕೆ ಮೈಸೂರಿನ ಹಾದಿ ಹಿಡಿಯಬೇಕಾದೀತು. ಮನೆಗೇ ಬಂದು ದುರಸ್ತಿ ಮಾಡುವ ಆನ್‌ಸೈಟ್ ವಾರಂಟಿ ಇದೆ ಎಂದರೆ ಅಷ್ಟಕ್ಕೇ ತೃಪ್ತರಾಗದೆ, ನಿಮ್ಮ ಊರಿನ ಪಿನ್‌ಕೋಡ್‌ಗೆ ಅದು ಅನ್ವಯಿಸುತ್ತದೆಯೇ ಎಂದು ಕಂಪನಿಯ ಸಹಾಯವಾಣಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ.

ಹಂತ 7: ಹಣವನ್ನು ಯಾವ ಕ್ರಮದಲ್ಲಿ ಸುರಿಯಬೇಕು

ಮೊದಲು ಎರಡು ದಾರಿಗಳ 16 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿ, ನಂತರ ಕಣ್ಣಿಗೆ ಹಿತವಾದ ಐಪಿಎಸ್ ಪರದೆ, ಆಮೇಲೆ ದೊಡ್ಡ ಬ್ಯಾಟರಿ, ಅದರ ಮೇಲೆ ಒಂದು ದರ್ಜೆ ಮೇಲಿನ ಇಂಟಿಗ್ರೇಟೆಡ್ ಗ್ರಾಫಿಕ್ಸ್. ಇವೆಲ್ಲ ಆದ ಮೇಲೂ ಕೈಯಲ್ಲಿ ಹಣವಿದ್ದು, ನಿಮ್ಮ ಪಟ್ಟಿಯಲ್ಲಿ ಮೂರನೆಯ ಗುಂಪಿನ ಕೆಲಸವಿದ್ದರೆ ಕಾರ್ಡ್. ಒಂದೇ ಬೆಲೆಗೆ 8 ಜಿಬಿ ರ‍್ಯಾಮ್ ಜೊತೆ ಕಾರ್ಡ್ ಇರುವ ಯಂತ್ರವೂ 16 ಜಿಬಿ ರ‍್ಯಾಮ್‌ನ ಕಾರ್ಡ್ ಇಲ್ಲದ ಯಂತ್ರವೂ ಸಿಕ್ಕರೆ, ದಿನಬಳಕೆಗೆ ಎರಡನೆಯದನ್ನು ಎತ್ತಿಕೊಳ್ಳಿ.

ಹಂತ 8: ಅಂಗಡಿಯಲ್ಲಿ ಪರೀಕ್ಷಿಸುವುದು

ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಲು ಅನುಮತಿ ಕೇಳಿ, ಯಾರೂ ಬೇಡವೆನ್ನುವುದಿಲ್ಲ. ಮೆಮೊರಿ ಪುಟದಲ್ಲಿ ರ‍್ಯಾಮ್‌ನ ವೇಗ ಮತ್ತು ಎಷ್ಟು ಸ್ಲಾಟ್‌ಗಳು ತುಂಬಿವೆ ಎಂಬುದು ಕಾಣಿಸುತ್ತದೆ. ಎರಡರಲ್ಲಿ ಒಂದು ಮಾತ್ರ ತುಂಬಿದ್ದರೆ ಎರಡನೆಯ ಪಟ್ಟಿಯನ್ನು ಅಲ್ಲೇ ಹಾಕಿಸಿದರೆ ಎಷ್ಟಾಗುತ್ತದೆ, ಅದರಿಂದ ವಾರಂಟಿಗೆ ತೊಂದರೆಯಿಲ್ಲವೇ ಎಂದು ಕೇಳಿ, ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಜಿಪಿಯು ಪುಟದಲ್ಲಿ ಹೆಸರು ನೋಡಿ. ‘ಜಿಪಿಯು 0’ ಮತ್ತು ‘ಜಿಪಿಯು 1’ ಎರಡೂ ಇದ್ದರೆ ಇಂಟಿಗ್ರೇಟೆಡ್ ಮತ್ತು ಡೆಡಿಕೇಟೆಡ್ ಎರಡೂ ಇವೆ ಎಂದರ್ಥ. ‘ಡೆಡಿಕೇಟೆಡ್ ಜಿಪಿಯು ಮೆಮೊರಿ’ಯ ಸಾಲು ನಿಜವಾದ ವಿರ‍್ಯಾಮ್ ಎಷ್ಟೆಂದು ತಿಳಿಸುತ್ತದೆ; ಹಂಚಿಕೆಯ ಮೆಮೊರಿಯನ್ನೂ ಸೇರಿಸಿ ‘12 ಜಿಬಿ ಗ್ರಾಫಿಕ್ಸ್’ ಎಂದು ಹೇಳಿದರೆ ನಂಬಬೇಡಿ.

ಹಂತ 9: ಮನೆಗೆ ತಂದ ಮೇಲೆ

ಇಂಟಿಗ್ರೇಟೆಡ್ ಯಂತ್ರದಲ್ಲಿ ಮಾಡಬೇಕಾದದ್ದು ಕಡಿಮೆ. ತಯಾರಕರಿಂದ ಹೊಸ ಗ್ರಾಫಿಕ್ಸ್ ಡ್ರೈವರ್ ಹಾಕಿಕೊಳ್ಳಿ, ಬ್ರೌಸರ್‌ನ ಹಾರ್ಡ್‌ವೇರ್ ಆ್ಯಕ್ಸಲರೇಷನ್ ಚಾಲ್ತಿಯಲ್ಲಿದೆಯೇ ನೋಡಿ. ಕೆಲವು ಎಎಂಡಿ ಯಂತ್ರಗಳ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಗ್ರಾಫಿಕ್ಸ್‌ಗೆ ಕಾಯ್ದಿಡುವ ಮೆಮೊರಿಯನ್ನು ಬದಲಿಸುವ ಅವಕಾಶವಿರುತ್ತದೆ. 16 ಜಿಬಿ ಇರುವವರು ಅದನ್ನು 2 ಜಿಬಿಗೆ ಏರಿಸಬಹುದು, 8 ಜಿಬಿ ಇರುವವರು ಮುಟ್ಟದಿರುವುದೇ ಒಳಿತು.

ಕಾರ್ಡ್ ಇರುವ ಯಂತ್ರದಲ್ಲಿ ಕಾರ್ಡ್ ಬೇಡವಾದಾಗ ನಿದ್ರಿಸುವಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. ಎನ್‌ವಿಡಿಯಾ 2010ರಲ್ಲಿ ತಂದ ಆಪ್ಟಿಮಸ್ ವ್ಯವಸ್ಥೆಯು ಇದನ್ನು ತಾನಾಗಿಯೇ ಮಾಡುತ್ತದೆ, ಆದರೆ ಅದನ್ನು ಎಬ್ಬಿಸುವ ತಂತ್ರಾಂಶಗಳಿಗೆ ಕೊರತೆಯಿಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಒಂದೊಂದಾಗಿ ತೆರೆದು ಹೋದರೆ ಪ್ರತಿಯೊಂದು ತಂತ್ರಾಂಶಕ್ಕೂ ಯಾವ ಗ್ರಾಫಿಕ್ಸ್ ಎಂದು ನಿಗದಿಪಡಿಸಬಹುದು: ಬ್ರೌಸರ್, ವಾಟ್ಸ್ಆ್ಯಪ್, ಆಫೀಸ್ ತಂತ್ರಾಂಶಗಳಿಗೆ ಪವರ್ ಸೇವಿಂಗ್, ರಿಸಾಲ್ವ್, ಬ್ಲೆಂಡರ್, ಗೇಮ್‌ಗಳಿಗೆ ಹೈ ಪರ್ಫಾರ್ಮೆನ್ಸ್. ತಯಾರಕರ ತಂತ್ರಾಂಶದಲ್ಲಿ ಹೈಬ್ರಿಡ್ ಎಂಬ ಆಯ್ಕೆಯಿದ್ದರೆ ಅದೇ ಇರಲಿ.

ಹೋಂಸ್ಟೇಯಲ್ಲಿ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುವವರು ಒಂದು ಸಂಗತಿ ಗಮನಿಸಬೇಕು. ಕಾರ್ಡ್ ಇರುವ ಹಲವು ಯಂತ್ರಗಳಲ್ಲಿ ಎಚ್‌ಡಿಎಂಐ ರಂಧ್ರವು ನೇರವಾಗಿ ಪ್ರತ್ಯೇಕ ಕಾರ್ಡ್‌ಗೇ ಸಂಪರ್ಕ ಹೊಂದಿರುತ್ತದೆ; ಕೇಬಲ್ ಸಿಕ್ಕಿಸಿರುವಷ್ಟು ಹೊತ್ತೂ ಕಾರ್ಡ್ ಎಚ್ಚರವಿರುತ್ತದೆ, ಫ್ಯಾನ್ ಸದ್ದೂ ನಿಲ್ಲುವುದಿಲ್ಲ. ಯುಎಸ್‌ಬಿ-ಸಿ ರಂಧ್ರವು ಇಂಟಿಗ್ರೇಟೆಡ್‌ಗೆ ಸೇರಿದ್ದರೆ ಅದರ ಮೂಲಕ ಟಿವಿಗೆ ಕೊಡಿ. ದಿನವಿಡೀ ಮೇಜಿನ ಮೇಲೆ ಚಾರ್ಜರ್ ಸಿಕ್ಕಿಸಿಯೇ ಬಳಸುವವರು ಬ್ಯಾಟರಿಯನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆಯನ್ನು ಚಾಲ್ತಿಯಲ್ಲಿಡಬಹುದು, ಆದರೆ ಮಳೆ ಹಿಡಿದ ದಿನಗಳಲ್ಲಿ ಅದನ್ನು ತೆಗೆದು ಪೂರ್ತಿ ತುಂಬಿಸಿಟ್ಟುಕೊಳ್ಳಿ.

ಹಂತ 10: ಈಗಾಗಲೇ ಲ್ಯಾಪ್‌ಟಾಪ್ ಇರುವವರಿಗೆ

ಲ್ಯಾಪ್‌ಟಾಪ್‌ಗೆ ಒಳಗಡೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಹಾಕಿಕೊಡುತ್ತೇವೆ ಎನ್ನುವವರಿಂದ ದೂರವಿರಿ. ಥಂಡರ್‌ಬೋಲ್ಟ್ ರಂಧ್ರವಿದ್ದರೆ ಹೊರಗಿನ ಪೆಟ್ಟಿಗೆಯಲ್ಲಿ ಕಾರ್ಡ್ ಇಟ್ಟು ಜೋಡಿಸಬಹುದು, ಆದರೆ ಪೆಟ್ಟಿಗೆ ಮತ್ತು ಕಾರ್ಡ್ ಸೇರಿ ತಗಲುವ ಖರ್ಚಿಗೆ ದಿನಬಳಕೆಯಲ್ಲಿ ಸಮರ್ಥನೆ ಸಿಗದು. ಖಾಲಿ ರ‍್ಯಾಮ್ ಸ್ಲಾಟ್ ಇದ್ದರೆ ಮೊದಲು ಅದನ್ನು ತುಂಬಿಸಿ, ಎರಡನೆಯ ಹಂತದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಂಡೋಸ್ 11 ಹಾಕಲಾಗದ ಹಳೆಯ ಯಂತ್ರವಿದ್ದವರು ಲಿನಕ್ಸ್ ಯೋಚಿಸಬಹುದು. ಇಂಟೆಲ್ ಮತ್ತು ಎಎಂಡಿಯ ಇಂಟಿಗ್ರೇಟೆಡ್ ಗ್ರಾಫಿಕ್ಸ್‌ನ ಡ್ರೈವರ್‌ಗಳು ಅದರೊಂದಿಗೇ ಬರುವುದರಿಂದ ಇಂಥ ಯಂತ್ರಗಳಲ್ಲಿ ಅದನ್ನು ಹಾಕುವುದು ಸುಲಭ. ಟ್ಯಾಲಿ ಬಳಸುವ ತೋಟದ ಕಚೇರಿಗಳಿಗೆ ಮಾತ್ರ ಈ ದಾರಿ ಸರಿಹೋಗದು, ಏಕೆಂದರೆ ಆ ತಂತ್ರಾಂಶ ವಿಂಡೋಸ್‌ಗಾಗಿಯೇ ರೂಪುಗೊಂಡದ್ದು.